ಏಳನೇ ಬೆಡ್ಡಿನ ಪ್ರಶ್ನೆ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ಕೋವಿಡ್ ಕಾಲದ ಒಂದು ಸಾವಿನಿಂದ ವಿಶ್ವಾಸ ಅಲುಗಿದ ಒಬ್ಬ ಕಥೋಲಿಕ ನರ್ಸ್ ಅವರ ಕಥೆ ಇದು. ಅವರ ಒಪ್ಪಿಗೆ ಪಡೆದು, ಅವರು ಒಮ್ಮೆ ಓದಿ ಎರಡು ಕಡೆ ಗೀಟು ಎಳೆದು ತೆಗೆಸಿದ ಮೇಲೆ ಇದನ್ನು ಹೊರತರುತ್ತಿದ್ದೇನೆ. ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೆ) ಸೇರುತ್ತವೆ. ನಮ್ಮ ಕಡೆಯ ಧರ್ಮಕೇಂದ್ರಗಳು, ಎಂದರೆ ಒಂದೊಂದು ಚರ್ಚಿಗೆ ಸೇರಿದ ಸಮುದಾಯಗಳು, ಚಿಕ್ಕವು. ಭಾನುವಾರದ ಬಲಿಪೂಜೆಯಲ್ಲಿ (ಚರ್ಚಿನ ಪೂಜೆಯಲ್ಲಿ) ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ ಎಂಬುದು ಕೂಡ ಎಲ್ಲರಿಗೂ ಗೊತ್ತು. ಆದ್ದರಿಂದ ಆಸ್ಪತ್ರೆ, ಚರ್ಚು, ಬಡಾವಣೆ ಯಾವುದನ್ನೂ ಹೆಸರಿಸಿಲ್ಲ. ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ‘ಸಿಸ್ಟರ್’ ಎನ್ನುತ್ತಾರೆ, ಆದರೆ ನಮ್ಮ ಜನ ಸಿಸ್ಟರ್ ಎಂದರೆ ಕನ್ಯಾಸ್ತ್ರೀ ಎಂದುಕೊಳ್ಳುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ನಿರ್ಮಲಾ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ.

ನಾನು ಗುರುವಲ್ಲ, ಎಂದರೆ ಪಾದ್ರಿಯಲ್ಲ; ಶಾಲೆಯಿಂದ ನಿವೃತ್ತನಾಗಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವನು. ಪಾಪನಿವೇದನೆಯಲ್ಲಿ ಏನು ನಡೆಯಿತೆಂಬುದು ನನಗೆ ತಿಳಿಯದು, ತಿಳಿಯಬೇಕಾದದ್ದೂ ಅಲ್ಲ. ಆ ಗೋಪ್ಯವನ್ನು ಯಾವ ಕಾರಣಕ್ಕೂ ಬಯಲು ಮಾಡಲು ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಗುರುಗಳಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಇಲ್ಲಿರುವುದು ಹೊರಗಿನ ಮಾತುಕತೆ, ಹೊರಗಿನ ನಿರ್ಧಾರಗಳು, ಮತ್ತು ಅವುಗಳಲ್ಲಿ ನನ್ನ ಪಾಲಿನ ತಪ್ಪುಗಳು ಮಾತ್ರ.

ಹಿನ್ನೆಲೆ

ನಿರ್ಮಲಾ ಹುಟ್ಟಿದ್ದು ಹರಿಹರದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ಹರಿಹರದ ಆರೋಗ್ಯಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಜಾತಿ ಮತಗಳ ಲೆಕ್ಕವಿಲ್ಲದೆ ಬರುವ ಜನರ ನಡುವೆ ಅಪ್ಪನ ಹೆಗಲ ಮೇಲೆ ಕೂತು ತೇರು ನೋಡಿದ್ದು ಅವರ ಮೊದಲ ನೆನಪು. ನರ್ಸಿಂಗ್ ಓದಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ, ಹತ್ತಿ ಮಿಲ್ಲಿನಲ್ಲಿ ದುಡಿದು ಮಿಲ್ಲು ಮುಚ್ಚಿದ ಮೇಲೆ ವಾಚ್‌ಮನ್ ಆದ ಒಬ್ಬರ ಮನೆಗೆ ಸೊಸೆಯಾಗಿ ಬಂದರು. ಮಾವ ತೀರಿಕೊಂಡಿದ್ದರು. ಅತ್ತೆ ಓದು ಬರಹ ಬಾರದವರು. ಜಪಸರ ಮಾತ್ರ ಒಂದು ದಿನವೂ ತಪ್ಪಿಸಿದವರಲ್ಲ. ನಿರ್ಮಲಾ ಚರ್ಚಿನಲ್ಲಿ ಬೈಬಲಿನ ವಾಚನ ಓದುತ್ತಿದ್ದರು, ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿಗೆ) ಮಕ್ಕಳನ್ನು ಸಿದ್ಧಪಡಿಸಲು ನನಗೆ ನೆರವಾಗುತ್ತಿದ್ದರು. ಒಟ್ಟಿನಲ್ಲಿ, ಯಾರೂ ಚಿಂತಿಸಬೇಕಿಲ್ಲದ ವಿಶ್ವಾಸಿ.

2021ರ ಎರಡನೇ ಅಲೆ ಬಂತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಎಲ್ಲ ಮುಚ್ಚಿತು, ದೇವಾಲಯಗಳೂ ಮುಚ್ಚಿದವು, ಬಲಿಪೂಜೆ ಮೊಬೈಲಿನ ಪರದೆಗೆ ಇಳಿಯಿತು. ನಿರ್ಮಲಾ ತೀವ್ರ ನಿಗಾ ಘಟಕದಲ್ಲಿದ್ದರು. ಏಳನೇ ಬೆಡ್ಡಿಗೆ ಬಂದವರು ಒಬ್ಬ ಕಥೋಲಿಕ ಶಿಕ್ಷಕ, ಎರಡು ಮಕ್ಕಳ ತಂದೆ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಇದ್ದುದರಿಂದ ಮಾತಾಡಲಾಗದೆ, ಬೆರಳಿಗೆ ಸುತ್ತಿಕೊಂಡ ಜಪಸರವನ್ನು ಎತ್ತಿ ತೋರಿಸಿ, ನೀವು ಹೇಳಿ ಎಂಬಂತೆ ಸನ್ನೆ ಮಾಡಿದರು. ಪಿಪಿಇ ಕಿಟ್ಟಿನೊಳಗೆ ಬೆವರುತ್ತ ನಿರ್ಮಲಾ ಅವರ ಪಕ್ಕ ನಿಂತು ಪ್ರಾರ್ಥಿಸಿದರು. ಅಂದು ರಾತ್ರಿಯೇ ಮನಸ್ಸಿನಲ್ಲಿ ಒಂಬತ್ತು ದಿನಗಳ ನವದಿನ ಪ್ರಾರ್ಥನೆ ಹಿಡಿದರು. ಒಂಬತ್ತನೆಯ ದಿನ ಬೆಳಗಿನ ಜಾವ ಆ ಶಿಕ್ಷಕರು ತೀರಿಕೊಂಡರು. ಎಂಟನೇ ಬೆಡ್ಡಿನಲ್ಲಿದ್ದ, ದೇವರ ಸುದ್ದಿ ಎತ್ತಿದರೆ ಮುಖ ತಿರುಗಿಸುತ್ತಿದ್ದ ವ್ಯಾಪಾರಿ ಅದೇ ವಾರ ಗುಣವಾಗಿ ಮನೆಗೆ ಹೋದರು.

ಸಮಸ್ಯೆ ಕಾಣಿಸಿಕೊಂಡ ಬಗೆ

ಇಷ್ಟಕ್ಕೇ ನಿರ್ಮಲಾ ಕುಸಿಯಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲಸದ ಒತ್ತಡ ಅವರನ್ನು ನಿಲ್ಲಿಸಿಕೊಂಡಿತ್ತು. ಕುಸಿದದ್ದು ಅಕ್ಟೋಬರಿನಲ್ಲಿ, ಎಲ್ಲ ತಿಳಿಯಾದ ಮೇಲೆ, ಒಂದು ಮನೆಯ ಪ್ರಾರ್ಥನಾ ಕೂಟದಲ್ಲಿ. ಕೋವಿಡ್‌ನಿಂದ ಚೇತರಿಸಿಕೊಂಡ ಒಬ್ಬರು ಎದ್ದು ಸಾಕ್ಷ್ಯ ಹೇಳಿದರು: ತಮ್ಮ ಕುಟುಂಬದ ವಿಶ್ವಾಸ ದೊಡ್ಡದು, ಅದಕ್ಕೇ ದೇವರು ತಮ್ಮನ್ನು ಉಳಿಸಿದರು, ಎಂದು. ಕೃತಜ್ಞತೆಯಿಂದ ಬಂದ ಮಾತೇ ಅದು, ಕೇಡಿನ ಉದ್ದೇಶ ಇರಲಿಲ್ಲ. ಆದರೆ ಆ ‘ಅದಕ್ಕೇ’ ಎಂಬ ಒಂದು ಪದ ನಿರ್ಮಲಾ ಅವರ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು: ಹಾಗಾದರೆ ಏಳನೇ ಬೆಡ್ಡಿನವರ ವಿಶ್ವಾಸ ಸಣ್ಣದೇ? ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಎದ್ದು ಹೋದವರು ಮತ್ತೆ ಕೂಟಗಳಿಗೆ ಬರಲಿಲ್ಲ.

ಬಲಿಪೂಜೆಗೆ ಬರುವುದನ್ನು ಬಿಡಲಿಲ್ಲ, ಆದರೆ ಕೊನೆಯ ಬೆಂಚಿಗೆ ಸರಿದರು. ವಾಚನ ಓದುವುದನ್ನು ನಿಲ್ಲಿಸಿದರು, ಪರಮಪ್ರಸಾದ ಸ್ವೀಕರಿಸುವುದನ್ನೂ ನಿಲ್ಲಿಸಿದರು. ಪೂಜೆಯಲ್ಲಿ ಎಲ್ಲರೂ ಒಟ್ಟಾಗಿ ತಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಸಂಗ್ರಹ ಹೇಳುವಾಗ, ದೇವರನ್ನು ಕುರಿತ ‘ಸರ್ವಶಕ್ತ’ ಎಂಬ ಪದ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದರು. ಪೊಂತಿಯ ಪಿಲಾತನ ಕಾಲದಲ್ಲಿ ಯಾತನೆ ಅನುಭವಿಸಿ, ಶಿಲುಬೆಗೇರಿ, ಸತ್ತು, ಸಮಾಧಿಯಾದ ಯೇಸುವಿನ ಸಾಲು ಬಂದಾಗ ಮಾತ್ರ ದನಿ ತಾನಾಗಿ ಹೊರಡುತ್ತಿತ್ತಂತೆ. ಅಂದು ಈ ವಿವರವನ್ನು ನಾನು ಕೇವಲ ದುಃಖದ ಲಕ್ಷಣವೆಂದುಕೊಂಡೆ. ದಾರಿ ಅಲ್ಲಿಯೇ ಇತ್ತೆಂಬುದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

2022ರ ಫೆಬ್ರವರಿಯಲ್ಲಿ, ತಪಸ್ಸುಕಾಲಕ್ಕೆ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ) ಮುಂಚೆ, ಅತ್ತೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು, “ಮೇಷ್ಟ್ರೇ, ನಮ್ಮ ಹುಡುಗಿ ಪ್ರಸಾದ ತಗಳ್ಳಾಕ ಎದ್ದೇಳವಲ್ಲಳು. ಮನ್ಯಾಗೆ ಯಾರೂ ಏನೂ ಅಂದಿಲ್ಲ. ನೀವೊಂದು ಮಾತು ಕೇಳಿ” ಎಂದರು.

ನಾನು ಮಾಡಿದ ಮೊದಲ ತಪ್ಪು

ನಾನು ಕೇಳಲಿಲ್ಲ, ಹೇಳಿದೆ. ಮೇಷ್ಟ್ರಾಗಿದ್ದವನ ರೋಗ ಅದು. ಮನುಷ್ಯನ ಸ್ವಾತಂತ್ರ್ಯ, ಪ್ರಕೃತಿಯ ನಿಯಮ, ತಪ್ಪಿಲ್ಲದೆ ನೋವುಂಡ ಬೈಬಲಿನ ಯೋಬನ ಕಥೆ, ಜಗತ್ತು ಹಿಗ್ಗುತ್ತಿದೆ ಎಂದು 1927ರಲ್ಲಿ ವಾದಿಸಿದ ಜಾರ್ಜ್ ಲೆಮೈತ್ರ ಸ್ವತಃ ಕಥೋಲಿಕ ಗುರು, ಹಾಗಾಗಿ ವಿಜ್ಞಾನಕ್ಕೂ ವಿಶ್ವಾಸಕ್ಕೂ ಜಗಳವಿಲ್ಲ ಎಂಬ ವಾದ, ಹೀಗೆ ಎರಡು ಭೇಟಿಗಳಲ್ಲಿ ನನ್ನ ಬತ್ತಳಿಕೆ ಖಾಲಿಯಾಯಿತು. ನಿರ್ಮಲಾ ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ, “ಮೇಷ್ಟ್ರೇ, ಜಗತ್ತು ಹೆಂಗೆ ಶುರುವಾಯ್ತು ಅಂತ ನಾನು ಕೇಳಿಲ್ಲ. ಏಳನೇ ಬೆಡ್ಡು ಯಾಕೆ ಖಾಲಿ ಆಯ್ತು ಅಂತ ಕೇಳಿದ್ದು” ಎಂದರು.

ಸಂತರ ಕಥೆ ಹೇಳಿ ನೋಡಿದೆ. ಫ್ರಾನ್ಸಿನ ಕನ್ಯಾಸ್ತ್ರೀ ಬಾಲಯೇಸುವಿನ ಸಂತ ತೆರೇಸಾ 1896ರ ಪಾಸ್ಖ (ಈಸ್ಟರ್) ಕಾಲದಿಂದ 1897ರಲ್ಲಿ ಸಾಯುವವರೆಗೆ ಸ್ವರ್ಗವೇ ಇಲ್ಲವೇನೋ ಎಂಬ ಕತ್ತಲೆಯಲ್ಲಿದ್ದರು; ವಿಶ್ವಾಸ ಸಂಗ್ರಹವನ್ನು ತಮ್ಮ ರಕ್ತದಲ್ಲಿ ಬರೆದು ಎದೆಯ ಬಳಿ ಇಟ್ಟುಕೊಂಡಿದ್ದರು. ಕಲ್ಕತ್ತೆಯ ಮದರ್ ತೆರೇಸಾ ದಶಕಗಳ ಕಾಲ ಒಳಗೆ ದೇವರ ಸುಳಿವಿಲ್ಲದೆ ದುಡಿದದ್ದು ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಇವೆಲ್ಲ ನಿಜವೇ. ಆದರೆ ನಿರ್ಮಲಾ, “ಅವರು ಸಂತರು” ಎಂದು ಮಾತು ಮುಗಿಸಿದರು. ನೋವಿನಲ್ಲಿರುವವರ ಮುಂದೆ ಇಷ್ಟು ಬೇಗ ಸಂತರನ್ನು ತಂದು ನಿಲ್ಲಿಸಿದರೆ ಅದು ಸಮಾಧಾನವಾಗದೆ ಹೋಲಿಕೆಯಾಗುತ್ತದೆ.

ಇನ್ನೂ ಕೆಟ್ಟದ್ದು ಮೇ ತಿಂಗಳಲ್ಲಿ ಆಯಿತು. ಗಂಡ, ಒಳ್ಳೆಯದಾಗಲೆಂದೇ, ಅವರನ್ನು ದೂರದ ಊರಿನ ಒಂದು ಗುಣಪಡಿಸುವ ಪ್ರಾರ್ಥನಾ ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ಯಾರೋ ತಲೆಯ ಮೇಲೆ ಕೈಯಿಟ್ಟು, ಇಂಥ ಸಾವುಗಳ ಹಿಂದೆ ವಿಶ್ವಾಸದ ಕೊರತೆ ಇರುತ್ತದೆ ಎಂದರಂತೆ. ವಾಪಸು ಬಂದ ಮೇಲೆ ಆರು ವಾರ ಬಲಿಪೂಜೆಗೂ ಬರಲಿಲ್ಲ. ಧರ್ಮಸಭೆಯ ಉಪದೇಶಕ್ಕೂ ಆ ಮಾತಿಗೂ ಸಂಬಂಧವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲ ಎಂದು ಯೇಸುವೇ ಬೈಬಲಿನ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಹೇಳುತ್ತಾರೆ. ಹುಟ್ಟುಕುರುಡನ ವಿಷಯದಲ್ಲಿ ಅವನದಾಗಲಿ ಅವನ ತಂದೆತಾಯಿಗಳದಾಗಲಿ ಪಾಪ ಕಾರಣವಲ್ಲ ಎಂದು ಯೊವಾನ್ನನ 9ನೇ ಅಧ್ಯಾಯದಲ್ಲಿ ಹೇಳುತ್ತಾರೆ.

ವಿಚಾರಣಾ ಗುರುಗಳ ನಿರ್ಧಾರಗಳು

ಜೂನ್ ಕೊನೆಯಲ್ಲಿ ನಮ್ಮ ಚರ್ಚಿನ ಹೊಣೆ ಹೊತ್ತ ಗುರುಗಳು ತಾವೇ ಮನೆಗೆ ಹೋದರು. ಅವರು ಮೊದಲು ಕೇಳಿದ್ದು ದೇವರ ವಿಷಯವಲ್ಲ, ನಿದ್ದೆಯ ವಿಷಯ. ರಾತ್ರಿ ಮಾನಿಟರಿನ ಸದ್ದು ಕೇಳಿದಂತಾಗಿ ಎಚ್ಚರವಾಗುವುದು, ಮಿಕ್ಸಿಯ ಶಬ್ದಕ್ಕೂ ಎದೆ ಹೊಡೆದುಕೊಳ್ಳುವುದು ಆಗ ಹೊರಬಂತು. ನಾನು ನಾಲ್ಕು ತಿಂಗಳಿಂದ ಮಾತಾಡುತ್ತಿದ್ದವನು, ಇದನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಗುರುಗಳು ಅವರನ್ನು ಮನೋವೈದ್ಯರ ಬಳಿ ಕಳಿಸಿದರು. ಚಿಕಿತ್ಸೆ ಕೆಲವು ತಿಂಗಳು ನಡೆಯಿತು. ನಿದ್ದೆ ಮರಳಿತು, ಪ್ರಶ್ನೆ ಹೋಗಲಿಲ್ಲ. ಈ ಕ್ರಮದಿಂದ ಎರಡು ವಿಷಯ ಬೇರ್ಪಟ್ಟವು: ವೈದ್ಯರು ನೋಡಬೇಕಾದ ಗಾಯ ಯಾವುದು, ಪ್ರಾರ್ಥನೆಯಲ್ಲಿ ಎದುರಿಸಬೇಕಾದ ಕತ್ತಲೆ ಯಾವುದು ಎಂಬುದು ತಿಳಿಯಿತು. ಎಲ್ಲ ಸಂದೇಹವೂ ಖಿನ್ನತೆಯಲ್ಲ. ಎಲ್ಲ ಖಿನ್ನತೆಗೂ ಜಪಸರ ಮದ್ದಲ್ಲ.

ಎರಡನೆಯ ನಿರ್ಧಾರ ಪರಮಪ್ರಸಾದದ ಕುರಿತಾದದ್ದು. ಸಂದೇಹ ಬಂದದ್ದೇ ಪಾಪ, ಹಾಗಾಗಿ ತಾನು ಅನರ್ಹಳು ಎಂದು ನಿರ್ಮಲಾ ತೀರ್ಮಾನಿಸಿಕೊಂಡಿದ್ದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2088ನೇ ಪರಿಚ್ಛೇದ ಎರಡು ಬಗೆಯ ಸಂದೇಹಗಳನ್ನು ಬೇರ್ಪಡಿಸುತ್ತದೆ: ದೇವರು ತೋರಿಸಿಕೊಟ್ಟದ್ದನ್ನು ಬೇಕೆಂದೇ ಒಪ್ಪದಿರುವುದು ಒಂದು, ನಂಬಲು ತಡವರಿಸುವುದು, ಆಕ್ಷೇಪಗಳನ್ನು ದಾಟಲಾಗದಿರುವುದು, ವಿಶ್ವಾಸದ ಮಸುಕಿಗೆ ಕಳವಳಪಡುವುದು ಇನ್ನೊಂದು. ಎರಡನೆಯದನ್ನು ಬೇಕೆಂದು ಸಾಕಿ ಬೆಳೆಸಿದರೆ ಕುರುಡಾಗಬಹುದೆಂಬ ಎಚ್ಚರಿಕೆಯೂ ಅಲ್ಲಿದೆ. ನಿಮ್ಮದು ತಡವರಿಕೆ, ಅದು ತಾನಾಗಿ ಅಡ್ಡಿಯಲ್ಲ ಎಂದು ಗುರುಗಳು ಹೇಳಿದರು. ಬನ್ನಿ ಎಂದು ಒತ್ತಾಯಿಸಲಿಲ್ಲ. ನಾನಾಗಿದ್ದರೆ ಆ ವಾರವೇ ಸಾಲಿನಲ್ಲಿ ನಿಲ್ಲಿಸಲು ನೋಡುತ್ತಿದ್ದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿರ್ಮಲಾ ಬೆಂಗಳೂರಿನ ಆಸ್ಪತ್ರೆಗೆ ಹೋಗಿ, ಯಾರೂ ಕೇಳದ ಊರಿನಲ್ಲಿ ಚರ್ಚನ್ನು ಸದ್ದಿಲ್ಲದೆ ಬಿಟ್ಟುಬಿಡಬೇಕೆಂದಿದ್ದರು. ಲೊಯೋಲಾದ ಸಂತ ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ ಬರುವ ನಿಯಮವೊಂದನ್ನು ಗುರುಗಳು ವಿವರಿಸಿದರು: ಮನಸ್ಸು ಒಣಗಿ ಕತ್ತಲಾದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಮುಂದಿನ ಪಾಸ್ಖ ಹಬ್ಬದವರೆಗೆ ಏನನ್ನೂ ಬದಲಿಸುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಭಾನುವಾರದ ಬಲಿಪೂಜೆ, ರಾತ್ರಿ ಬೈಬಲಿನ ಒಂದು ಕೀರ್ತನೆ, ತಿಂಗಳಿಗೊಮ್ಮೆ ನನ್ನೊಡನೆ ಮಾತು, ಇಷ್ಟೇ. ನನಗೂ ಒಂದು ಷರತ್ತು ಬಂತು: ಮೇಷ್ಟ್ರು ಉತ್ತರ ಹೇಳುವಂತಿಲ್ಲ.

ಅದೇ ವಾರ ಜುಲೈ 3. ಭಾರತದ ಧರ್ಮಸಭೆ ಸಂತ ತೋಮರ ಹಬ್ಬವನ್ನು ಮಹೋತ್ಸವವಾಗಿ ಆಚರಿಸುವ ದಿನ, ಆ ವರ್ಷ ಭಾನುವಾರವೇ ಬಂದಿತ್ತು. ಪ್ರಬೋಧನೆಯಲ್ಲಿ ಗುರುಗಳು, ಗಾಯಕ್ಕೆ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದ ತೋಮನ ಬೆರಳಿನ ಬಗ್ಗೆ ಮಾತಾಡಲಿಲ್ಲ, ಎಂಟು ದಿನಗಳ ಬಗ್ಗೆ ಮಾತಾಡಿದರು. ಸತ್ತು ಎದ್ದುಬಂದ ಪ್ರಭುವನ್ನು ಕಂಡ ಶಿಷ್ಯರು ಹತ್ತು ಮಂದಿ, ನಂಬುವುದಿಲ್ಲ ಎಂದವನು ಒಬ್ಬ. ಎಂಟು ದಿನ ಅವರು ಅವನನ್ನು ಹೊರಗೆ ಕಳಿಸಲಿಲ್ಲ, ಅವನೂ ಬಿಟ್ಟು ಹೋಗಲಿಲ್ಲ. ಯೇಸು ಮತ್ತೆ ಬಂದಾಗ ತೋಮ ಆ ಮನೆಯಲ್ಲೇ ಇದ್ದ. ಕೊನೆಯ ಬೆಂಚಿನಲ್ಲಿ ನಿರ್ಮಲಾ ಇದ್ದರು. ಆರು ವಾರಗಳ ನಂತರ ಬಂದಿದ್ದರು.

ತಿರುವು

ತಿರುವು ಒಂದೇ ಗಳಿಗೆಯದಲ್ಲ. ಮೊದಲನೆಯದು 88ನೇ ಕೀರ್ತನೆ. ಕೀರ್ತನೆಗಳು ಎಷ್ಟೇ ಗೋಳಾಡಿದರೂ ಸಾಮಾನ್ಯವಾಗಿ ಕೊನೆಯಲ್ಲಿ ಭರವಸೆಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನೈಟ್ ಡ್ಯೂಟಿಯ ನಡುವೆ ಅದನ್ನು ಓದಿದ ನಿರ್ಮಲಾ, ಇದು ಬೈಬಲಿನಲ್ಲಿ ಹೇಗೆ ಉಳಿಯಿತು ಎಂದು ಕೇಳಿದರು. ಷರತ್ತಿನಂತೆ ನಾನು ಸುಮ್ಮನಿದ್ದೆ. ಗುರುಗಳನ್ನು ಕೇಳಿದಾಗ ಅವರು ತಮ್ಮ ಪ್ರಾರ್ಥನಾ ಪುಸ್ತಕ ತೆರೆದು, ಶುಕ್ರವಾರದ ರಾತ್ರಿಯ ಪ್ರಾರ್ಥನೆಗೆ ಧರ್ಮಸಭೆ ನಿಗದಿಪಡಿಸಿರುವುದು ಇದನ್ನೇ ಎಂದು ತೋರಿಸಿದರು. “ಅಂದ್ರೆ ನೀವು ವಾರಾ ವಾರಾ ಇದನ್ನ ಹೇಳ್ತೀರಾ ಫಾದರ್?” ಎಂದು ಆಕೆ ಎರಡು ಸಲ ಕೇಳಿದರಂತೆ. ತಾನು ಚರ್ಚಿನ ಹೊರಗೆ ನಿಂತು ಆಡುತ್ತಿದ್ದೇನೆಂದುಕೊಂಡಿದ್ದ ಮಾತನ್ನು ಚರ್ಚು ಪ್ರತಿ ವಾರ ಒಳಗಿನಿಂದಲೇ ಆಡುತ್ತಿದೆ ಎಂಬುದು ಅವರಿಗೆ ಹೊಸದು.

ಎರಡನೆಯದನ್ನು ಯಾರೂ ಯೋಜಿಸಿರಲಿಲ್ಲ. ಆಗಸ್ಟ್ 30ಕ್ಕೆ ಆರೋಗ್ಯಮಾತೆಯ ಹಬ್ಬದ ನವದಿನ ಶುರುವಾದಾಗ, ಈ ಸಲ ನಾನು ಹರಿಹರಕ್ಕೆ ನಡೆಯುವುದಿಲ್ಲ ಎಂದು ನಿರ್ಮಲಾ ಅತ್ತೆಗೆ ಹೇಳಿದರು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸದೆ, ಮೊದಲ ಬಾರಿಗೆ, ತನ್ನ ಮೊದಲನೆಯ ಮಗುವಿನ ಸುದ್ದಿ ಎತ್ತಿದರು. ಮೂರು ವರ್ಷದ ಹುಡುಗಿ, ಜ್ವರ, ಮಿಲ್ಲಿನಲ್ಲಿ ಸಂಬಳ ನಿಂತ ಕಾಲ. “ಆ ವರ್ಸ ನಾನು ಹರಿಹರಕ್ಕೆ ನಡದಿದ್ದು ಹರಕೆ ತೀರಿಸಾಕಲ್ಲವ್ವ, ಜಗಳ ಆಡಾಕೆ. ದಾರಿ ಉದ್ದಕ್ಕೂ ಬೈಕಂಡು ಹೋದೆ. ಯಾರ್ ಮ್ಯಾಲೆ ವಿಶ್ವಾಸ ಐತೋ ಅವರ ಕೂಡನೇ ಅಲ್ಲೇನು ಜಗಳ?” ಎಂದರು.

ಸುಮಾರು 14 ಕಿ.ಮೀ. ದಾರಿ ಅದು. ಸೊಸೆಗೆ ಅತ್ತೆಯ ಈ ಮುಖ ಹನ್ನೆರಡು ವರ್ಷದಿಂದ ಗೊತ್ತಿರಲಿಲ್ಲ. ನನಗೋ, ಆ ಒಂದು ಪದದ ಅರ್ಥ ಮೊದಲ ಸಲ ಹೊಳೆಯಿತು. ಧರ್ಮೋಪದೇಶ ತರಗತಿಯಲ್ಲಿ ವಿಶ್ವಾಸವೆಂದರೆ ಸತ್ಯಗಳನ್ನು ಒಪ್ಪುವುದು ಎಂದು ಕಲಿಸುತ್ತಿದ್ದೆ, ಅದು ಸುಳ್ಳಲ್ಲ. ಆದರೆ ನಮ್ಮ ಆಡುಮಾತಿನಲ್ಲಿ ‘ಅವರಿಗೆ ನಮ್ಮ ಮೇಲೆ ತುಂಬಾ ವಿಶ್ವಾಸ’ ಎಂದರೆ ಒಲವು, ಸಲಿಗೆ, ಹೋಗಿಬರುವ ನಂಟು. ಧರ್ಮೋಪದೇಶ ಗ್ರಂಥವೂ 150ನೇ ಪರಿಚ್ಛೇದದಲ್ಲಿ ವಿಶ್ವಾಸವನ್ನು ಮೊದಲು ಮನುಷ್ಯ ದೇವರಿಗೆ ಅಂಟಿಕೊಳ್ಳುವುದು ಎಂದು ಹೇಳಿ, ಸತ್ಯಗಳನ್ನು ಒಪ್ಪುವುದನ್ನು ಅದರಿಂದ ಬೇರ್ಪಡಿಸಲಾಗದಂತೆ ಜೋಡಿಸುತ್ತದೆ. ನಾನು ಎರಡನೆಯದನ್ನು ಮಾತ್ರ ಹಿಡಿದುಕೊಂಡು, ಮುರಿದ ನಂಟಿಗೆ ವಾದದ ತೇಪೆ ಹಾಕುತ್ತಿದ್ದೆ. ನಿಂದಾಸ್ತುತಿಯನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ಕನ್ನಡದವರಿಗೆ ದೇವರೊಡನೆ ಜಗಳವೂ ಭಕ್ತಿಯೆಂದು ಬೇರೆ ಯಾರೋ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯದು ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ತನ್ನ ಕೈಯಲ್ಲೇ ಪ್ರಾಣ ಬಿಟ್ಟವರ ಲೆಕ್ಕವನ್ನು ನಿರ್ಮಲಾ ಒಂದು ಸಣ್ಣ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು. ಹೆಸರಿಲ್ಲ, ಬೆಡ್ ಸಂಖ್ಯೆ ಮತ್ತು ತಾರೀಕು ಮಾತ್ರ. ಅವರಿಗಾಗಿ ಪೂಜೆ ಸಲ್ಲಿಸಬಹುದೇ ಎಂದು ಕೇಳಿದಾಗ ಗುರುಗಳು ಒಂದು ಹಳೆಯ ಸಂಗತಿ ಹೇಳಿದರು: ಈ ದಿನ ಪ್ರತಿ ಗುರುವೂ ಮೂರು ಬಲಿಪೂಜೆ ಅರ್ಪಿಸಬಹುದೆಂಬ ಅನುಮತಿಯನ್ನು ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) ಇಡೀ ಧರ್ಮಸಭೆಗೆ ಕೊಟ್ಟದ್ದು 1915ರಲ್ಲಿ, ಮಹಾಯುದ್ಧದ ಹೆಣಗಳ ರಾಶಿಯ ನಡುವೆ. ಡೈರಿಯನ್ನು ಪೀಠದ ಪಕ್ಕದಲ್ಲಿ ಇಡಲಾಯಿತು, ತೆರೆಯಲಿಲ್ಲ, ಏನನ್ನೂ ಓದಲಿಲ್ಲ. ರೋಗಿಗಳ ಗೋಪ್ಯ ಮುರಿಯಬಾರದೆಂಬುದು ನಿರ್ಮಲಾ ಹಾಕಿದ ಷರತ್ತು. ಅಂದು ಪೂಜೆ ಮುಗಿದ ಮೇಲೂ ಅವರು ಎದ್ದೇಳಲಿಲ್ಲ. ಬಾಗಿಲು ಹಾಕಲು ಬಂದ ಹುಡುಗನನ್ನು ಗುರುಗಳು ಸನ್ನೆ ಮಾಡಿ ಕಳಿಸಿದರು. ಹದಿನೆಂಟು ತಿಂಗಳಲ್ಲಿ ಆಕೆ ಅತ್ತದ್ದು ಅಂದೇ ಮೊದಲು.

ಆಮೇಲೆ ಆದದ್ದು

ಆ ತಿಂಗಳ ಮಾತುಕತೆಯಲ್ಲಿ ನಿರ್ಮಲಾ ತಾವೇ ಆ ಶಿಲುಬೆಯ ಸಾಲಿನ ವಿಷಯ ಎತ್ತಿದರು. “ಸರ್ವಶಕ್ತ ಅನ್ನೋದು ನನಗೆ ಗೊತ್ತಿಲ್ಲ ಮೇಷ್ಟ್ರೇ. ಉಸಿರು ಕಟ್ಟಿ ಸತ್ತವನು ಒಬ್ಬ ಅಲ್ಲಿದ್ದಾನೆ ಅನ್ನೋದು ಗೊತ್ತು. ಅಷ್ಟರಿಂದ ಶುರು ಮಾಡ್ಬಹುದಾ?” ಶಿಲುಬೆಗೇರಿದವರು ಉಸಿರುಗಟ್ಟಿ ನರಳುತ್ತಿದ್ದಿರಬಹುದೆಂಬುದು ನರ್ಸ್ ಆದ ಅವರಿಗೆ ತಕ್ಷಣ ಕಂಡದ್ದು, ನನಗೆ ನಲವತ್ತು ವರ್ಷ ಕಲಿಸಿದರೂ ಕಂಡಿರಲಿಲ್ಲ. ಅಂದಿನಿಂದ ಅವರ ಪ್ರಾರ್ಥನೆ ಅಲ್ಲಿಂದಲೇ ಆರಂಭವಾಗುತ್ತಿತ್ತು. ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಮಗನನ್ನು ಗುಣಪಡಿಸೆಂದು ಯೇಸುವಿನ ಬಳಿ ಬಂದ ತಂದೆ ನಂಬುತ್ತೇನೆ ಎಂದೂ ನನ್ನ ಅಪನಂಬಿಕೆಗೆ ನೆರವಾಗು ಎಂದೂ ಒಂದೇ ಉಸಿರಿನಲ್ಲಿ ಕೂಗಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡರು.

2023ರ ಏಪ್ರಿಲ್ 8ರ ರಾತ್ರಿ ಪಾಸ್ಖ ಜಾಗರಣೆ. ಒಪ್ಪಂದದ ಅವಧಿ ಮುಗಿದಿತ್ತು. ಮೇಣದ ಬತ್ತಿಗಳ ಬೆಳಕಿನಲ್ಲಿ ಜ್ಞಾನಸ್ನಾನದ (ಬ್ಯಾಪ್ಟಿಸಮ್) ವಾಗ್ದಾನಗಳನ್ನು ನವೀಕರಿಸುವಾಗ ಗುರುಗಳು ವಿಶ್ವಾಸದ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾರೆ, ಜನ ಉತ್ತರಿಸುತ್ತಾರೆ. ನಿರ್ಮಲಾ ಮೂರಕ್ಕೂ ಉತ್ತರಿಸಿದರು, ಪರಮಪ್ರಸಾದಕ್ಕೆ ಎದ್ದು ಬಂದರು. ಬೆಂಗಳೂರಿಗೆ ಹೋಗಲಿಲ್ಲ. ಆ ಸೆಪ್ಟೆಂಬರಿನಲ್ಲಿ ಹರಿಹರಕ್ಕೆ ನಡೆದರು. ಹರಕೆಗೋ ಜಗಳಕ್ಕೋ ಎಂದು ಅತ್ತೆ ಕೇಳಿದಾಗ, ಹೊರಟ ಮೇಲೆ ನೋಡೋಣ ಎಂದರಂತೆ.

ಇದರಿಂದ ನಾವು ಕೆಲವನ್ನು ಬದಲಿಸಿಕೊಂಡೆವು. ಸಾಕ್ಷ್ಯ ಹೇಳುವವರಿಗೆ, ಕೃತಜ್ಞತೆ ಹೇಳಿ, ಕಾರಣ ಹೇಳಬೇಡಿ ಎಂದು ಮೊದಲೇ ತಿಳಿಸುತ್ತೇವೆ. ಗುಣವಾದವರಿಗಾಗಿ ವಂದನೆ ಸಲ್ಲಿಸುವ ಕೂಟದಲ್ಲಿ ಗುಣವಾಗದೆ ಹೋದವರನ್ನೂ ನೆನೆಯುತ್ತೇವೆ. ಚರ್ಚು ಬಿಡುವ ಮಾತಾಡುವವರ ಬಳಿ ನಾನು ಪುಸ್ತಕ ಒಯ್ಯುವುದಿಲ್ಲ. ನಿದ್ದೆ ಹೇಗಿದೆ ಎಂದು ಕೇಳುತ್ತೇನೆ. ಎಲ್ಲರಿಗೂ ಇದೇ ದಾರಿ ಹೊಂದುತ್ತದೆಂದು ನಾನು ಹೇಳಲಾರೆ. ವಾದಗಳಿಂದಲೇ ಬಿಡುಗಡೆ ಕಂಡವರನ್ನೂ ಬಲ್ಲೆ; ಓದಿನ ಪ್ರಶ್ನೆಗೆ ಓದಿನ ಉತ್ತರವೇ ಬೇಕು. ನಿರ್ಮಲಾ ಅವರದು ಓದಿನ ಪ್ರಶ್ನೆಯಾಗಿರಲಿಲ್ಲ. ಬಗೆಹರಿಯದೆ ಉಳಿದದ್ದೂ ಇದೆ. ಶಿಬಿರಕ್ಕೆ ಕರೆದೊಯ್ದ ಗಂಡನಿಗೆ ತನ್ನನ್ನು ಎಲ್ಲರೂ ದೂರಿದರೆಂಬ ನೋವು. ಅವರನ್ನು ನಾವು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಈಗ ಅವರೇ ಹಬ್ಬಗಳಿಗೆ ಮಾತ್ರ ಬರುತ್ತಾರೆ.

ನಿರ್ಮಲಾ ಮತ್ತೆ ವಾಚನ ಓದುತ್ತಿದ್ದಾರೆ. ಏಳನೇ ಬೆಡ್ಡಿನ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಕಳೆದ ಬಾರಿ ಕೇಳಿದೆ. ಇಲ್ಲ ಎಂದರು. ಭಾನುವಾರ ವಿಶ್ವಾಸ ಸಂಗ್ರಹ ಹೇಳುವಾಗ ನಾನು ಅವರ ಹಿಂದಿನ ಬೆಂಚಿನಲ್ಲಿರುತ್ತೇನೆ. ‘ಸರ್ವಶಕ್ತ’ ಎಂಬ ಪದ ಅವರ ಬಾಯಿಂದ ಉಳಿದವರಿಗಿಂತ ಒಂದು ಉಸಿರು ತಡವಾಗಿ ಬರುತ್ತದೆ.